ಹಣ್ಣಿನ ಪರಿಮಳದ ಕಪ್ಪು ಚಹಾ: ಸವಿಯೂ ಇರಲಿ, ವೇಳೆಯೂ ಇರಲಿ

ಶರಣಧರ್ಮದಲ್ಲಿ ಉಣ್ಣುವ ಅನ್ನಕ್ಕೂ ಕುಡಿಯುವ ನೀರಿಗೂ ಒಂದು ಸಂಸ್ಕಾರವುಂಟು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೂ ಒಂದು. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವವನು ಅದರ ರುಚಿಯನ್ನು ನಿರಾಕರಿಸುವುದಿಲ್ಲ. ಆದರೆ ರುಚಿಗೆ ದಾಸನೂ ಆಗುವುದಿಲ್ಲ. ಏನನ್ನು, ಎಷ್ಟನ್ನು, ಯಾವ ವೇಳೆಯಲ್ಲಿ ಸ್ವೀಕರಿಸಬೇಕೆಂಬ ಎಚ್ಚರ ಅವನಲ್ಲಿ ಸದಾ ಇರುತ್ತದೆ. ಊಟದ ವಿಷಯದಲ್ಲಿ ಈ ಎಚ್ಚರವನ್ನು ಉಳಿಸಿಕೊಂಡಿರುವ ಅನೇಕ ಸದ್ಭಕ್ತರ ಮನೆಗಳಲ್ಲಿಯೂ ಚಹಾದ ವಿಷಯ ಬಂದಾಗ ಅದು ಸಡಿಲವಾಗುತ್ತದೆ. ಎದ್ದೊಡನೆ ಒಂದು ಬಟ್ಟಲು, ಉಪಾಹಾರದೊಡನೆ ಮತ್ತೊಂದು, ಊಟವಾದೊಡನೆ ಇನ್ನೊಂದು, ಅತಿಥಿಗಳು ಬಂದಾಗಲೆಲ್ಲ ಮಗುದೊಂದು. ಚಹಾ ನಮ್ಮ ದಿನಚರಿಯಲ್ಲಿ ಲೆಕ್ಕಕ್ಕೆ ಸಿಗದ ಆಹಾರವಾಗಿಬಿಟ್ಟಿದೆ.

ಇತ್ತೀಚಿನ ವರ್ಷಗಳಲ್ಲಿ ಹಾಲು ಬೆರೆಸಿದ ಚಹಾವನ್ನು ಕಡಿಮೆ ಮಾಡಿ, ನಿಂಬೆ, ಕಿತ್ತಳೆ ಮೊದಲಾದ ಹಣ್ಣುಗಳ ಪರಿಮಳವಿರುವ ಕಪ್ಪು ಚಹಾವನ್ನು ಕುಡಿಯುವವರು ಹೆಚ್ಚುತ್ತಿದ್ದಾರೆ. ಇದು ಸ್ವಾಗತಾರ್ಹವಾದ ಬದಲಾವಣೆ. ಸರಿಯಾಗಿ ತಯಾರಿಸಿದರೆ ಇದು ಮನಸ್ಸಿಗೆ ಮುದ ನೀಡುವ, ದೇಹಕ್ಕೆ ಹೊರೆಯಾಗದ ಪಾನೀಯ. ಆದರೆ ಹಣ್ಣು ಸೇರಿದ ಮಾತ್ರಕ್ಕೆ ಚಹಾದ ಮೂಲಗುಣ ಮಾಯವಾಗುವುದಿಲ್ಲ. ವಿಶೇಷವಾಗಿ ಸಸ್ಯಾಹಾರಿಗಳಾದ ನಮಗೆ, ಅದರಲ್ಲಿಯೂ ನಮ್ಮ ತಾಯಂದಿರಿಗೆ ಮತ್ತು ಹೆಣ್ಣುಮಕ್ಕಳಿಗೆ, ಚಹಾವನ್ನು ಕುಡಿಯುವ ವೇಳೆ ಬಹಳ ಮುಖ್ಯವಾದುದು. ಆ ವೇಳೆಯನ್ನು ಅರಿತು ಸವಿಯುವುದು ಹೇಗೆಂಬುದೇ ಈ ಪಾಠದ ವಸ್ತು.

ಎಲೆಯ ಒಳಗುಣ

ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆಗಳಿಂದ ಆಗುವಂಥವು. ಸಸ್ಯಶಾಸ್ತ್ರದಲ್ಲಿ ಆ ಗಿಡಕ್ಕೆ ಕೆಮೆಲಿಯ ಸೈನೆನ್ಸಿಸ್ ಎಂದು ಹೆಸರು. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿಗಳಂತೆಯೇ ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ಕೆಲವು ಭಾಗಗಳಲ್ಲಿಯೂ ಇದನ್ನು ಬೆಳೆಯುತ್ತಾರೆ. ಕಿತ್ತ ಚಿಗುರನ್ನು ಬಾಡಿಸಿ, ಹೊಸೆದು, ಗಾಳಿಗೆ ತೆರೆದಿಟ್ಟಾಗ ಎಲೆಯೊಳಗಿನ ಕಿಣ್ವಗಳು ಅದರಲ್ಲಿರುವ ಕ್ಯಾಟೆಚಿನ್ ಎಂಬ ಪದಾರ್ಥಗಳನ್ನು ಆಮ್ಲಜನಕದೊಡನೆ ಕೂಡಿಸುತ್ತವೆ. ಆಗ ಹೊಂಬಣ್ಣದ ಥಿಯಾಫ್ಲೇವಿನ್‌ಗಳೂ ಕೆಂಗಂದು ಬಣ್ಣದ ಥಿಯಾರುಬಿಜಿನ್‌ಗಳೂ ಉಂಟಾಗುತ್ತವೆ. ಕಪ್ಪು ಚಹಾದ ಬಣ್ಣ, ಒಗರು, ಗಾಢತೆ ಎಲ್ಲವೂ ಮುಖ್ಯವಾಗಿ ಇವುಗಳಿಂದಲೇ ಬಂದವು. ಬಿಸಿಯ ಮೂಲಕ ಈ ಕ್ರಿಯೆಯನ್ನು ಮೊದಲಿಗೇ ತಡೆದರೆ ಎಲೆ ಹಸಿರಾಗಿಯೇ ಉಳಿಯುತ್ತದೆ.

ಇವಲ್ಲದೆ ಚಹಾದಲ್ಲಿ ಕೆಫೀನ್ ಇದೆ. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರಿನ ಒಂದು ಬಟ್ಟಲು ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನವೊಂದಕ್ಕೆ 300 ಮಿಲಿಗ್ರಾಂ ಮೀರಬಾರದೆಂಬುದು ಅದೇ ಮಾರ್ಗಸೂಚಿಯ ಹಿತವಚನ. ಚಹಾದಲ್ಲಿರುವ ಥಿಯನೈನ್ ಎಂಬ ಅಮೈನೋ ಆಮ್ಲವು ಆ ಪಾನೀಯಕ್ಕೆ ತನ್ನದೇ ಆದ ಮೃದುವಾದ ರುಚಿಯನ್ನು ಕೊಡುತ್ತದೆ. ಹಾಲು ಸಕ್ಕರೆಗಳಿಲ್ಲದ ಕಪ್ಪು ಚಹಾದಲ್ಲಿ ಶಕ್ತ್ಯಂಶ ಇಲ್ಲವೆನ್ನುವಷ್ಟು ಅಲ್ಪ.

ಕಪ್ಪು ಚಹಾ ಆರೋಗ್ಯಕ್ಕೆ ಹಿತವೇ ಎಂಬ ಪ್ರಶ್ನೆಗೆ ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಬೇಕು. ಬ್ರಿಟನ್ನಿನ ಸುಮಾರು ಐದು ಲಕ್ಷ ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಅನುಸರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಕುಡಿಯುತ್ತಿದ್ದುದು ಕಪ್ಪು ಚಹಾವನ್ನೇ. ದಿನಕ್ಕೆ ಎರಡು ಬಟ್ಟಲು ಅಥವಾ ಅದಕ್ಕೂ ಹೆಚ್ಚು ಕುಡಿಯುವವರಲ್ಲಿ ಮರಣದ ಸಂಭವ, ಕುಡಿಯದವರಿಗೆ ಹೋಲಿಸಿದಾಗ, ಅಲ್ಪ ಪ್ರಮಾಣದಲ್ಲಿ ಕಡಿಮೆ ಕಂಡುಬಂದಿತು. ಇದು ಸಮಾಧಾನದ ಸಂಗತಿ. ಆದರೆ ಇಂತಹ ಅಧ್ಯಯನ ಚಹಾವೇ ಕಾರಣವೆಂದು ಸಿದ್ಧಪಡಿಸುವುದಿಲ್ಲ. ಚಹಾವನ್ನು ಔಷಧಿಯೆಂದು ಕೊಂಡಾಡಬೇಕಾಗಿಲ್ಲ, ವಿಷವೆಂದು ದೂರಬೇಕಾಗಿಯೂ ಇಲ್ಲ.

ಹಣ್ಣು ಮಾಡುವ ಕೆಲಸ

ಕುದಿಸಿದ ಕಪ್ಪು ಚಹಾಕ್ಕೆ ನಿಂಬೆಯ ನಾಲ್ಕು ಹನಿ ಹಿಂಡಿದೊಡನೆ ಕಡುಗೆಂಪು ಬಣ್ಣ ಕರಗಿ ಹೊಂಬಣ್ಣವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಚಹಾ ನೀರಾಯಿತೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಥಿಯಾರುಬಿಜಿನ್‌ಗಳ ಬಣ್ಣ ಹುಳಿಯ ಪ್ರಮಾಣವನ್ನು ಅವಲಂಬಿಸಿದೆ. ಹುಳಿ ಹೆಚ್ಚಿದಂತೆ ಬಣ್ಣ ತಿಳಿಯಾಗುತ್ತದೆ, ಕ್ಷಾರ ಹೆಚ್ಚಿದಂತೆ ಕಪ್ಪಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಮಾಡಿದ ಚಹಾ ಮಸಿಯಂತೆ ಕಾಣುವುದಕ್ಕೂ, ಅದರ ಮೇಲೆ ತೆಳ್ಳನೆಯ ಪೊರೆ ಕಟ್ಟುವುದಕ್ಕೂ ನೀರಿನಲ್ಲಿರುವ ಸುಣ್ಣದ ಅಂಶವೇ ಕಾರಣ. ನಿಂಬೆಯ ಹುಳಿ ಆ ಪೊರೆ ಕಟ್ಟದಂತೆ ತಡೆಯುತ್ತದೆ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಹಾಲಿನ ಚಹಾಕ್ಕಿಂತ ನಿಂಬೆಯ ಚಹಾ ನಾಲಗೆಗೆ ಹಗುರವೆನಿಸುವುದರಲ್ಲಿ ಇದರ ಪಾಲೂ ಉಂಟು.

ಹಣ್ಣಿನ ಪರಿಮಳ ಇರುವುದು ರಸಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ. ನಿಂಬೆ, ಕಿತ್ತಳೆಗಳ ಹೊರಸಿಪ್ಪೆಯ ಸಣ್ಣ ಸಣ್ಣ ಕೋಶಗಳಲ್ಲಿ ಸುಗಂಧತೈಲ ತುಂಬಿರುತ್ತದೆ. ಸಿಪ್ಪೆಯನ್ನು ಬೆರಳುಗಳ ನಡುವೆ ಮಡಿಸಿ ಹಿಂಡಿದಾಗ ಕಣ್ಣಿಗೆ ಚುರುಕೆಂದು ತಾಕುವ ತುಂತುರು ಅದೇ ತೈಲ. ಬಿಸಿ ಚಹಾದ ಹಬೆ ಆ ಪರಿಮಳವನ್ನು ಮೂಗಿಗೆ ಕೊಂಡೊಯ್ಯುತ್ತದೆ. ರುಚಿಯೆಂದು ನಾವು ಕರೆಯುವುದರ ಬಹುಪಾಲು ವಾಸ್ತವವಾಗಿ ಮೂಗು ಗ್ರಹಿಸುವ ಸುವಾಸನೆಯೇ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಈ ಕಾರಣದಿಂದ. ಆದುದರಿಂದ ಹಣ್ಣಿನ ಚಹಾವನ್ನು ಸವಿಯುವುದೆಂದರೆ ಮೊದಲು ಅದರ ಹಬೆಯನ್ನು ಸಾವಕಾಶವಾಗಿ ಆಘ್ರಾಣಿಸುವುದು, ಅನಂತರ ಗುಟುಕು ಗುಟುಕಾಗಿ ಕುಡಿಯುವುದು.

ಹಣ್ಣಿನ ಚಹಾಕ್ಕೆ ಹಾಲು ಸೇರಿಸಬಾರದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಹುಳಿ ತಾಕಿದರೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಒಡೆದು ಗಂಟಾಗುತ್ತದೆ. ಹುಳಿಯಿಲ್ಲದಿದ್ದರೂ ಅದೇ ಪ್ರೋಟೀನು ಚಹಾದ ಒಗರಿನ ಪದಾರ್ಥಗಳೊಡನೆ ಕೂಡಿಕೊಂಡು ಅದರ ಸಹಜ ರುಚಿಯನ್ನು ಮರೆಮಾಡುತ್ತದೆ.

ಲೋಕದ ಬೇರೆ ಬೇರೆ ನಾಡುಗಳ ಜನ ತಮ್ಮ ತಮ್ಮ ಹಣ್ಣುಗಳನ್ನು ಚಹಾದೊಡನೆ ಹೊಂದಿಸಿಕೊಂಡಿದ್ದಾರೆ. ರಷ್ಯಾದಲ್ಲಿ ನಿಂಬೆಯ ಹೋಳನ್ನು ಚಹಾದಲ್ಲಿ ತೇಲಿಬಿಡುವುದೂ ಹಣ್ಣಿನ ಪಾಕವನ್ನು ಜೊತೆಗಿಟ್ಟು ಸವಿಯುವುದೂ ರೂಢಿ. ಚೀನಾದ ದಕ್ಷಿಣ ಭಾಗದಲ್ಲಿ ಲಿಚಿ ಹಣ್ಣಿನ ಪರಿಮಳವನ್ನು ಕಪ್ಪು ಚಹಾದ ಎಲೆಗೇ ಹಿಡಿಸುತ್ತಾರೆ. ಇಟಲಿಯ ದಕ್ಷಿಣದ ಕಲಾಬ್ರಿಯಾ ಪ್ರಾಂತದಲ್ಲಿ ಬೆಳೆಯುವ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ತೈಲವನ್ನು ಬೆರೆಸಿದ ಕಪ್ಪು ಚಹಾವೇ ಜಗತ್ಪ್ರಸಿದ್ಧವಾದ ಅರ್ಲ್ ಗ್ರೇ. 1830ರಿಂದ 1834ರ ವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇ ಅವರ ಪದವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಕೊಲ್ಕತ್ತದ ಬೀದಿಗಳಲ್ಲಿ ನಿಂಬೆರಸ, ಕಪ್ಪುಪ್ಪು, ಮಸಾಲೆ ಸೇರಿಸಿದ ಲೇಬು ಚಾ ಜನಪ್ರಿಯ. ನಮ್ಮಲ್ಲಿಯೂ ಹಣ್ಣಿಗೆ ಕೊರತೆಯಿಲ್ಲ. ಅದನ್ನು ಮುಂದೆ ನೋಡೋಣ.

ಮುಖ್ಯ ಪಾಠ: ಚಹಾ ಮತ್ತು ರಕ್ತದ ಕಬ್ಬಿಣ

ಈಗ ಲೇಖನದ ಹೃದಯಭಾಗಕ್ಕೆ ಬರೋಣ. ನಮ್ಮ ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪದಾರ್ಥ ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ತಲುಪಿಸುತ್ತದೆ. ಅದರ ನಿರ್ಮಾಣಕ್ಕೆ ಕಬ್ಬಿಣ ಬೇಕು. ಕಬ್ಬಿಣ ಸಾಲದಾದಾಗ ರಕ್ತಹೀನತೆ ಉಂಟಾಗುತ್ತದೆ. ಅಕಾರಣ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಮಕ್ಕಳಿಗೆ ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 48ರ ಸಮೀಪವಿದೆ. ಎಂದರೆ ನಮ್ಮ ನಾಡಿನ ಹೆಚ್ಚುಕಡಿಮೆ ಇಬ್ಬರು ಮಹಿಳೆಯರಲ್ಲಿ ಒಬ್ಬರು ಈ ಕೊರತೆಯನ್ನು ಹೊತ್ತುಕೊಂಡೇ ಮನೆಯ, ಹೊಲದ, ಕಚೇರಿಯ ಕಾಯಕವನ್ನು ನಡೆಸುತ್ತಿದ್ದಾರೆ.

ರಕ್ತಹೀನತೆಗೆ ಕಾರಣಗಳು ಹಲವು. ಮುಟ್ಟಿನಲ್ಲಿ ಅಧಿಕ ರಕ್ತಸ್ರಾವ, ಹೆರಿಗೆಗಳು, ಜಂತುಹುಳು, ಬಿ12 ಜೀವಸತ್ತ್ವದ ಕೊರತೆ, ಒಟ್ಟಾರೆ ಆಹಾರದ ಅಭಾವ ಇವೆಲ್ಲವೂ ಸೇರಿವೆ. ಚಹಾವೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ನಮ್ಮ ಕೈಯಲ್ಲಿಯೇ ಇರುವ, ಖರ್ಚಿಲ್ಲದೆ ಸರಿಪಡಿಸಬಹುದಾದ ಒಂದು ಅಂಶ ಚಹಾದ ವೇಳೆ.

ಸಸ್ಯಾಹಾರಿಗಳಾದ ನಮಗೆ ಕಬ್ಬಿಣ ದೊರೆಯುವುದು ರಾಗಿ, ಸಜ್ಜೆ, ಕಾಳು, ಬೇಳೆ, ಸೊಪ್ಪು, ಎಳ್ಳುಗಳಿಂದ. ಸಸ್ಯಮೂಲದ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ತಟ್ಟೆಯಲ್ಲಿರುವ ಕಬ್ಬಿಣದ ಹತ್ತನೆಯ ಒಂದು ಪಾಲೂ ಸಾಮಾನ್ಯವಾಗಿ ರಕ್ತವನ್ನು ಸೇರುವುದಿಲ್ಲ. ಈ ಅಲ್ಪಪಾಲಿಗೂ ಚಹಾ ಅಡ್ಡ ಬರುತ್ತದೆ. ಚಹಾದ ಒಗರಿನ ಪದಾರ್ಥಗಳು ಕಬ್ಬಿಣದೊಡನೆ ಬೆಸೆದುಕೊಂಡು, ಕರುಳು ಹೀರಲಾಗದ ರೂಪವನ್ನು ತಾಳುತ್ತವೆ. ಊಟದೊಡನೆ ಒಂದು ಬಟ್ಟಲು ಕಪ್ಪು ಚಹಾ ಕುಡಿದರೆ ಕಬ್ಬಿಣದ ಹೀರಿಕೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆಂದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಟ್ಟರೆ ಈ ಅಡ್ಡಿ ಗಣನೀಯವಾಗಿ ತಗ್ಗುತ್ತದೆ. ಆದುದರಿಂದಲೇ ರಾಷ್ಟ್ರೀಯ ಪೋಷಣ ಸಂಸ್ಥೆಯು ಊಟಕ್ಕೆ ಮೊದಲು ಒಂದು ಗಂಟೆ, ಊಟದ ಅನಂತರ ಒಂದು ಗಂಟೆ ಚಹಾ ಕಾಫಿಗಳನ್ನು ವರ್ಜಿಸಬೇಕೆಂದು ಹೇಳಿದೆ.

ಇಲ್ಲಿ ಒಂದು ಸಂದೇಹ ಸಹಜ. ನಿಂಬೆಯಲ್ಲಿ ಸಿ ಜೀವಸತ್ತ್ವವಿದೆ. ಅದು ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಹಾಗಾದರೆ ನಿಂಬೆ ಹಿಂಡಿದ ಚಹಾವನ್ನು ಊಟದೊಡನೆ ಕುಡಿದರೆ ದೋಷವೇನು? ಮಾತಿನ ಮೊದಲ ಭಾಗ ಸತ್ಯ. ಆದರೆ ಒಂದು ಬಟ್ಟಲು ಚಹಾಕ್ಕೆ ನಾವು ಹಿಂಡುವ ಅರ್ಧ ಹೋಳಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಸಿ ಜೀವಸತ್ತ್ವ. ಕುದಿಯುವ ಚಹಾದಲ್ಲಿ ಅದರ ಒಂದಂಶ ನಾಶವೂ ಆಗುತ್ತದೆ. ಗಾಢವಾದ ಚಹಾದ ಒಗರನ್ನು ಗೆಲ್ಲಲು ಅಷ್ಟು ಸಾಲದು.

ಪರಿಹಾರ ಬಲು ಸರಳವಾದುದು. ಅದೇ ನಿಂಬೆಯನ್ನು ಎರಡು ಹೋಳು ಮಾಡಿ. ಒಂದು ಹೋಳನ್ನು ಊಟದ ತಟ್ಟೆಯಲ್ಲಿರುವ ಸೊಪ್ಪಿನ ಪಲ್ಯದ ಮೇಲೆ, ಕೋಸಂಬರಿಯ ಮೇಲೆ, ಮೊಳಕೆಕಾಳಿನ ಉಸಲಿಯ ಮೇಲೆ ಹಿಂಡಿ. ಊಟದ ಕೊನೆಗೆ ಒಂದು ಸೀಬೆಹಣ್ಣನ್ನೋ ಒಂದು ನೆಲ್ಲಿಕಾಯಿಯನ್ನೋ ತಿನ್ನಿ. ಸೀಬೆಹಣ್ಣಿನ 100 ಗ್ರಾಮಿನಲ್ಲಿ 200 ಮಿಲಿಗ್ರಾಮಿನಷ್ಟು ಸಿ ಜೀವಸತ್ತ್ವವಿದೆ; ನಿಂಬೆಗಿಂತ ಅದು ಹಲವು ಪಟ್ಟು ಹೆಚ್ಚು. ನಿಂಬೆಯ ಇನ್ನೊಂದು ಹೋಳನ್ನು ಗಂಟೆಯ ಅನಂತರದ ಚಹಾಕ್ಕೆ ಮೀಸಲಿಡಿ. ಹಣ್ಣು ಊಟದ ತಟ್ಟೆಯ ಹತ್ತಿರವಿರಲಿ, ಚಹಾ ಊಟದ ತಟ್ಟೆಯಿಂದ ದೂರವಿರಲಿ. ಈ ಪಾಠದಲ್ಲಿ ಒಂದೇ ಮಾತನ್ನು ನೆನಪಿಡಬೇಕಾದರೆ ಇದನ್ನು ನೆನಪಿಡಿ.

ಒಂದು ಮನೆಯ ದಿನಚರಿಯನ್ನು ಊಹಿಸಿಕೊಂಡರೆ ಇದರ ಮಹತ್ತ್ವ ಸ್ಪಷ್ಟವಾಗುತ್ತದೆ. ಗೃಹಿಣಿಯೊಬ್ಬರು ಬೆಳಗ್ಗೆ ಎಲ್ಲರಿಗೂ ಉಪಾಹಾರ ಬಡಿಸಿ, ತಾವು ಕೊನೆಯಲ್ಲಿ ರೊಟ್ಟಿಯೊಡನೆ ಚಹಾ ಕುಡಿಯುತ್ತಾರೆ. ಮಧ್ಯಾಹ್ನ ಊಟವಾದೊಡನೆ ಆಯಾಸ ಕಳೆಯಲೆಂದು ಮತ್ತೆ ಚಹಾ. ರಾತ್ರಿ ನುಂಗುವ ಕಬ್ಬಿಣದ ಮಾತ್ರೆ ವಾಕರಿಕೆ ತರುತ್ತದೆಂದು ಅದನ್ನೂ ಚಹಾದೊಡನೆಯೇ ನುಂಗುತ್ತಾರೆ. ಅವರ ಆಹಾರದಲ್ಲಿ ರಾಗಿಯಿದೆ, ಸೊಪ್ಪಿದೆ, ಕಾಳಿದೆ, ಮಾತ್ರೆಯೂ ಇದೆ. ಆದರೂ ರಕ್ತ ಏರುವುದಿಲ್ಲ. ಆಯಾಸವಾದುದರಿಂದ ಚಹಾ, ಚಹಾದಿಂದ ಕಬ್ಬಿಣ ನಷ್ಟ, ನಷ್ಟದಿಂದ ಮತ್ತಷ್ಟು ಆಯಾಸ ಎಂಬ ಚಕ್ರದಲ್ಲಿ ಅವರು ಸಿಲುಕಿರುತ್ತಾರೆ. ಚಹಾವನ್ನು ಬಿಡದೆ, ಅದರ ವೇಳೆಯನ್ನು ಮಾತ್ರ ಬದಲಿಸಿದರೂ ಈ ಚಕ್ರದ ಒಂದು ಕೊಂಡಿ ಕಳಚುತ್ತದೆ.

ಗರ್ಭಿಣಿಯರಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕೆಂಪು ಮಾತ್ರೆಯನ್ನಾಗಲಿ, ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನಾಗಲಿ ಚಹಾ, ಕಾಫಿ, ಹಾಲುಗಳೊಡನೆ ನುಂಗಬಾರದು. ನೀರಿನೊಡನೆ, ಇಲ್ಲವೇ ನಿಂಬೆಯ ಪಾನಕದೊಡನೆ ತೆಗೆದುಕೊಳ್ಳಬೇಕು. ಮಕ್ಕಳಿಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಬೆಳೆಯುವ ಮಗುವಿಗೆ ಕಬ್ಬಿಣದ ಅವಶ್ಯಕತೆ ಅಧಿಕ. ಚಹಾ ಅದನ್ನು ಕಸಿಯುತ್ತದೆ, ಹಸಿವನ್ನೂ ಕೊಲ್ಲುತ್ತದೆ. ಹಣ್ಣಿನ ಪರಿಮಳವಿದೆಯೆಂದು ಕಪ್ಪು ಚಹಾವನ್ನು ಮಕ್ಕಳಿಗೆ ಕೊಡಬಾರದು. ಅವರಿಗೆ ಹಣ್ಣನ್ನೇ ಕೊಡಿ.

ಸಕ್ಕರೆಯ ಲೆಕ್ಕ

ಚಹಾದಿಂದ ಆಗುವ ಹಾನಿಯ ಒಂದು ದೊಡ್ಡ ಪಾಲು ವಾಸ್ತವವಾಗಿ ಸಕ್ಕರೆಯದು. ಬಟ್ಟಲಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಬಟ್ಟಲು ಕುಡಿದರೆ ಎಂಟು ಚಮಚ, ಸುಮಾರು 40 ಗ್ರಾಂ ಸಕ್ಕರೆಯಾಯಿತು. ಸೇರಿಸಿದ ಸಕ್ಕರೆಯಿಂದ ದೊರೆಯುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು, ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಈ ಎರಡನೆಯ ಮಿತಿ ದಿನಕ್ಕೆ 2000 ಕಿಲೋಕ್ಯಾಲೊರಿ ಸೇವಿಸುವವರಿಗೆ ಸುಮಾರು 25 ಗ್ರಾಂ. ಚಹಾವೊಂದೇ ಅದನ್ನು ದಾಟಿಸಿಬಿಡುತ್ತದೆ.

ಹಣ್ಣಿನ ಹುಳಿ ಸಕ್ಕರೆಯನ್ನು ಬೇಡುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನಿಂಬೆರಸ ಹೆಚ್ಚಿದರೆ ಸಿಹಿಯೂ ಹೆಚ್ಚಬೇಕಾಗುತ್ತದೆ. ಆದುದರಿಂದ ರಸವನ್ನು ಕಡಿಮೆ ಮಾಡಿ, ಸಿಪ್ಪೆಯ ಪರಿಮಳವನ್ನು ಹೆಚ್ಚು ಮಾಡುವುದು ಜಾಣತನ. ಸುವಾಸನೆ ತುಂಬಿದ ಚಹಾಕ್ಕೆ ಅರ್ಧ ಚಮಚ ಸಕ್ಕರೆಯೂ ಸಾಕೆನಿಸುತ್ತದೆ. ಎರಡು ಚಮಚದ ರೂಢಿಯಿರುವವರು ಒಮ್ಮೆಲೇ ಬಿಡದೆ, ವಾರಕ್ಕೆ ಕಾಲು ಚಮಚದಂತೆ ತಗ್ಗಿಸುತ್ತ ಬಂದರೆ ನಾಲಗೆ ತಾನಾಗಿಯೇ ಒಗ್ಗಿಕೊಳ್ಳುತ್ತದೆ. ಬೆಲ್ಲ, ಜೇನುಗಳೂ ಸಕ್ಕರೆಯ ಲೆಕ್ಕಕ್ಕೇ ಸೇರತಕ್ಕವು ಎಂಬುದನ್ನು ಮಧುಮೇಹಿಗಳು ಮರೆಯಬಾರದು.

ತಯಾರಿಸುವ ಕ್ರಮ

ಒಂದು ಬಟ್ಟಲಿಗೆ 150 ಮಿಲಿಲೀಟರ್ ನೀರು ಸಾಕು. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆಯನ್ನು ಆರಿಸಿ, ಒಂದು ಸಣ್ಣ ಚಮಚ ಚಹಾ ಎಲೆಯನ್ನು ಹಾಕಿ, ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಡಬೇಕು. ಎಲೆಯನ್ನು ಒಲೆಯ ಮೇಲೆಯೇ ಬಹುಕಾಲ ಕುದಿಸಿದರೆ ಒಗರು ಮಿತಿಮೀರುತ್ತದೆ. ಅದನ್ನು ಮುಚ್ಚಲು ಹಾಲು ಸಕ್ಕರೆಗಳು ಬೇಕಾಗುತ್ತವೆ. ಸೋಸಿದ ಬಳಿಕ ಹಣ್ಣನ್ನು ಸೇರಿಸಬೇಕು. ಹಣ್ಣಿನ ಪರಿಮಳ ಕುದಿತದಲ್ಲಿ ಹಾರಿಹೋಗುತ್ತದೆ, ಆರಿದ ಬಿಸಿಯಲ್ಲಿ ಉಳಿಯುತ್ತದೆ.

ನಿಂಬೆ: ಚೆನ್ನಾಗಿ ತೊಳೆದ ಹಣ್ಣಿನಿಂದ ಸಿಪ್ಪೆಸಹಿತ ಒಂದು ತೆಳುವಾದ ಬಿಲ್ಲೆಯನ್ನು ಕತ್ತರಿಸಿ, ಬೀಜ ತೆಗೆದು ಬಟ್ಟಲಿಗೆ ಹಾಕಿ. ಎರಡು ನಿಮಿಷದ ಮೇಲೆ ಬಿಲ್ಲೆಯನ್ನು ಹೊರತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಸಿಪ್ಪೆಯ ಬಿಳಿಭಾಗ ಕಹಿ ಬಿಡುತ್ತದೆ.

ಕಿತ್ತಳೆ: ಹಣ್ಣನ್ನು ತಿಂದು ಸಿಪ್ಪೆಯನ್ನು ಎಸೆಯದಿರಿ. ಒಳಗಿನ ಬಿಳಿ ಪದರವನ್ನು ಹೆರೆದು, ಹೊರಸಿಪ್ಪೆಯನ್ನು ನೆರಳಿನಲ್ಲಿ ಒಣಗಿಸಿ ಗಾಜಿನ ಶೀಷೆಯಲ್ಲಿ ಇಡಿ. ಚಹಾ ಎಲೆಯನ್ನು ನೆನೆಸುವಾಗ ಒಂದು ಚಿಕ್ಕ ಚೂರನ್ನು ಸೇರಿಸಿದರೆ ಸಾಕು. ಕೊಡಗಿನ ಕಿತ್ತಳೆಯ ತೆಳುಸಿಪ್ಪೆ ಇದಕ್ಕೆ ಬಲು ಚೆನ್ನ. ಇದರಲ್ಲಿ ಹುಳಿ ಇಲ್ಲದಿರುವುದರಿಂದ ಸಕ್ಕರೆ ಇಲ್ಲದೆಯೂ ಕುಡಿಯಬಹುದು.

ಮುರುಗಲು: ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಮುರುಗಲು, ಪುನರ್ಪುಳಿ ಎಂಬ ಹೆಸರುಗಳಿಂದ ಪರಿಚಿತವಾದ ಹಣ್ಣಿನ ಒಣಸಿಪ್ಪೆಯ ಒಂದೆರಡು ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ಕೆಂಪು ನೀರನ್ನು ತಿಳಿಯಾದ ಚಹಾಕ್ಕೆ ಬೆರೆಸಿ. ಬಣ್ಣವೂ ಹುಳಿಯೂ ಮನೋಹರವಾಗಿರುತ್ತವೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೊದಲು ತೊಳೆಯಬೇಕು.

ದಾಳಿಂಬೆ: ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗಗಳ ಕಡೆ ಧಾರಾಳವಾಗಿ ಬೆಳೆಯುವ ಈ ಹಣ್ಣಿನ ಕಾಳುಗಳನ್ನು ಜಜ್ಜಿ ಸೋಸಿದ ರಸವನ್ನು, ಪೂರ್ಣವಾಗಿ ತಣಿದ ಕಪ್ಪು ಚಹಾಕ್ಕೆ ಕಾಲುಭಾಗದಷ್ಟು ಸೇರಿಸಿ. ಬೇಸಗೆಯ ಮಧ್ಯಾಹ್ನಕ್ಕೆ ಇದು ತಂಪಾದ ಪಾನೀಯ. ರಸದಲ್ಲಿಯೇ ಸಿಹಿಯಿರುವುದರಿಂದ ಸಕ್ಕರೆ ಬೇಡ. ತಯಾರಿಸಿದ ಅಂದೇ ಕುಡಿದು ಮುಗಿಸಬೇಕು.

ಬಿಸಿ ಚಹಾವನ್ನು ಸುಡುಸುಡು ಕುಡಿಯುವುದು ಶೂರತನವಲ್ಲ. 65 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಬಿಸಿಯ ಪಾನೀಯಗಳನ್ನು ಕುಡಿಯುವ ಅಭ್ಯಾಸವು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ನಿರ್ಣಯಿಸಿತು. ದೋಷ ಚಹಾದ್ದಲ್ಲ, ಬಿಸಿಯದು. ಬಟ್ಟಲಿಗೆ ಸುರಿದ ಮೇಲೆ ನಾಲ್ಕೈದು ನಿಮಿಷ ಕಾಯಿರಿ. ಹಣ್ಣು ತನ್ನ ಪರಿಮಳವನ್ನು ಬಿಡಲಿಕ್ಕೂ ಅಷ್ಟು ಹೊತ್ತು ಬೇಕು.

ಅಂಗಡಿಯ ಪೊಟ್ಟಣ

ಹಣ್ಣಿನ ಚಿತ್ರವಿರುವ ಪೊಟ್ಟಣಗಳೆಲ್ಲದರಲ್ಲಿಯೂ ಹಣ್ಣು ಇರುತ್ತದೆಂದು ಭಾವಿಸಬೇಡಿ. ಕೆಲವುಗಳಲ್ಲಿ ಒಣಗಿಸಿದ ಹಣ್ಣಿನ ಚೂರುಗಳಿರುತ್ತವೆ. ಕೆಲವುಗಳಲ್ಲಿ ಸಿಪ್ಪೆಯ ತೈಲವಿರುತ್ತದೆ. ಅನೇಕವುಗಳಲ್ಲಿ ಕಾರ್ಖಾನೆಯಲ್ಲಿ ತಯಾರಾದ ಪರಿಮಳದ್ರವ್ಯ ಮಾತ್ರ ಇರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಒಳಗಿನ ಪದಾರ್ಥಗಳನ್ನು ಹೆಚ್ಚಿನ ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಹೆಸರು ಚಹಾ ಎಂದಿದ್ದರೆ ಅದು ಚಹಾ. ಸಕ್ಕರೆ ಎಂದಿದ್ದರೆ ಅದು ಚಹಾದ ರುಚಿಯ ಸಕ್ಕರೆ. ನೀರಿಗೆ ಕಲಸಿ ಕುಡಿಯುವ ನಿಂಬೆ ಚಹಾದ ಪುಡಿಗಳನ್ನು ಕೊಳ್ಳುವಾಗ ಈ ಸಾಲನ್ನು ಓದದೆ ಕೈಹಾಕಬೇಡಿ.

ಯಾರು ಎಚ್ಚರ ವಹಿಸಬೇಕು

ಬರಿಹೊಟ್ಟೆಯಲ್ಲಿ ಹುಳಿ ಮತ್ತು ಕೆಫೀನುಗಳೆರಡೂ ಸೇರಿದರೆ ಎದೆಯುರಿ, ಹುಳಿತೇಗು ಇರುವವರಿಗೆ ತೊಂದರೆ ಹೆಚ್ಚುತ್ತದೆ. ಅಂಥವರು ಮುಂಜಾನೆ ಇಷ್ಟಲಿಂಗಪೂಜೆಗೆ ಮೊದಲು ಬಿಸಿನೀರನ್ನಷ್ಟೇ ಕುಡಿಯುವುದು ಲೇಸು. ಗರ್ಭಿಣಿಯರು ದಿನಕ್ಕೆ ಒಂದೆರಡು ತಿಳಿಯಾದ ಬಟ್ಟಲುಗಳನ್ನು ಮೀರಬಾರದು. ನಿದ್ರೆ ಬಾರದವರು ಸಂಜೆಯ ಅನಂತರ ಚಹಾವನ್ನು ಬಿಡಬೇಕು. ರಕ್ತದೊತ್ತಡವುಳ್ಳವರು ಚಹಾಕ್ಕೆ ಕಪ್ಪುಪ್ಪು ಸೇರಿಸಬಾರದು. ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿಯುಳ್ಳವರು ಕಪ್ಪು ಚಹಾದಲ್ಲಿ ಆಕ್ಸಲೇಟ್ ಇರುವುದನ್ನರಿತು ವೈದ್ಯರ ಸಲಹೆ ಪಡೆಯಬೇಕು. ಥೈರಾಯ್ಡ್ ಮಾತ್ರೆಯನ್ನು ನೀರಿನೊಡನೆಯೇ ನುಂಗಬೇಕು. ಹುಳಿಚಹಾವನ್ನು ಗಂಟೆಗಟ್ಟಲೆ ಗುಟುಕರಿಸುತ್ತ ಕೂರುವುದು ಹಲ್ಲಿನ ಹೊರಪದರಕ್ಕೆ ಹಾನಿಕರ. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು.

ಒಳ್ಳೆಯದೂ ಅತಿಯಾದರೆ ಏನಾಗುತ್ತದೆಂಬುದಕ್ಕೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2002ರಲ್ಲಿ ವರದಿಯಾದ ಒಬ್ಬ ರೋಗಿಯ ವೃತ್ತಾಂತ ನಿದರ್ಶನ. ಆಸ್ಟ್ರಿಯಾದ ಆ ವ್ಯಕ್ತಿ ದಿನಕ್ಕೆ ನಾಲ್ಕು ಲೀಟರಿನವರೆಗೆ ಬರ್ಗಮಾಟ್ ಪರಿಮಳದ ಕಪ್ಪು ಚಹಾ ಕುಡಿಯುತ್ತಿದ್ದನು. ಅವನಿಗೆ ಸ್ನಾಯುಸೆಳೆತಗಳು ಕಾಣಿಸಿಕೊಂಡವು. ಪರಿಮಳವಿಲ್ಲದ ಸಾದಾ ಚಹಾಕ್ಕೆ ಮರಳಿದಾಗ ಸೆಳೆತಗಳು ನಿಂತವು. ಬರ್ಗಮಾಟ್ ತೈಲದ ಬರ್ಗಾಪ್ಟೀನ್ ಎಂಬ ಪದಾರ್ಥವೇ ಕಾರಣವೆಂದು ವೈದ್ಯರು ಭಾವಿಸಿದರು. ಒಂದೆರಡು ಬಟ್ಟಲು ಕುಡಿಯುವವರು ಅಂಜಬೇಕಾಗಿಲ್ಲ. ಮಿತಿಯೆಂಬುದು ಮಾತ್ರ ಎಲ್ಲ ಪದಾರ್ಥಗಳಿಗೂ ಬೇಕು.

ಅನುಸರಿಸಬಹುದಾದ ದಿನಚರಿ

ಬೆಳಗ್ಗೆ ಎಂಟಕ್ಕೆ ಉಪಾಹಾರವಾದರೆ ಒಂಬತ್ತೂವರೆಯ ಸುಮಾರಿಗೆ ಮೊದಲ ಬಟ್ಟಲು. ಮಧ್ಯಾಹ್ನ ಒಂದೂವರೆಗೆ ಊಟವಾದರೆ ಊಟದೊಡನೆ ನಿಂಬೆಯ ಹೋಳು, ಊಟದ ಕೊನೆಗೆ ಹಣ್ಣು. ನಾಲ್ಕು ಗಂಟೆಗೆ ಎರಡನೆಯ ಬಟ್ಟಲು. ರಾತ್ರಿಯೂಟದ ಬಳಿಕ ಚಹಾ ಬೇಡ. ಮನೆಗೆ ಬಂದವರಿಗೂ ಊಟವಾದೊಡನೆ ಚಹಾ ನೀಡುವ ಬದಲು ಹಣ್ಣು ನೀಡಿ, ಮಾತುಕತೆ ನಡೆದು ಗಂಟೆಯಾದ ಮೇಲೆ ಚಹಾ ನೀಡಬಹುದು. ಆತಿಥ್ಯಕ್ಕೆ ಇದರಿಂದ ಕುಂದಿಲ್ಲ. ಅತಿಥಿ ಇನ್ನೊಂದು ಗಂಟೆ ನಮ್ಮೊಡನೆ ಕುಳಿತರೆ ಲಾಭವೇ. ಸದಾ ಆಯಾಸಪಡುವವರು ಚಹಾದ ವೇಳೆ ಬದಲಿಸಿದಷ್ಟಕ್ಕೇ ನಿಲ್ಲದೆ, ಸಮೀಪದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಮಿಗಿಂತ, ಗರ್ಭಿಣಿಯರಲ್ಲಿ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ತಿಳಿದು, ವೈದ್ಯರು ಹೇಳಿದಂತೆ ಚಿಕಿತ್ಸೆ ಪಡೆಯಬೇಕು.

ದೇಹವೇ ದೇಗುಲವೆಂದು ಬಗೆದ ಪರಂಪರೆ ನಮ್ಮದು. ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಾಗಿರಬೇಕು. ದಾಸೋಹ ನಡೆಯಬೇಕಾದರೆ ಅಡುಗೆ ಮಾಡಿ ಬಡಿಸುವ ತಾಯಿಯ ರಕ್ತ ತುಂಬಿರಬೇಕು. ಮುಂದಿನ ಬಟ್ಟಲು ಚಹಾವನ್ನು ಕೈಗೆತ್ತಿಕೊಳ್ಳುವ ಮುನ್ನ ಒಂದು ಕ್ಷಣ ಗಡಿಯಾರವನ್ನು ನೋಡಿ. ಊಟವಾಗಿ ಗಂಟೆ ಕಳೆದಿದ್ದರೆ, ಹಬೆಯಲ್ಲಿ ತೇಲಿಬರುವ ನಿಂಬೆಯ ಪರಿಮಳವನ್ನು ಆಘ್ರಾಣಿಸಿ, ಪ್ರಸಾದಭಾವದಿಂದ, ಸಾವಕಾಶವಾಗಿ ಸವಿಯಿರಿ.